ಮೈಸೂರಿನ ಅಣ್ಣತಮ್ಮ, ಮಿಡಿಗೇಶಿಯ ಮೈಕ್‌ಸೆಟ್

ರಾಜನ್–ನಾಗೇಂದ್ರ ಎಂದರೆ ಜನ ಮಾತು ಶುರು ಮಾಡುವುದೇ ‘ಗಂಧದ ಗುಡಿ’ಯಿಂದ. ಟೀವಿಯ ಸಂಗೀತ ಸ್ಪರ್ಧೆಯಲ್ಲೂ ಹಾಗೇ, ಊರ ಆರ್ಕೆಸ್ಟ್ರಾ ವೇದಿಕೆಯಲ್ಲೂ ಹಾಗೇ. ಆ ಚಿತ್ರ ಬಂದದ್ದು 1973ರಲ್ಲಿ. ಅಷ್ಟು ಹೊತ್ತಿಗೆ ಈ ಅಣ್ಣತಮ್ಮಂದಿರು ಸಿನಿಮಾ ಸಂಗೀತಕ್ಕೆ ಬಂದು ಇಪ್ಪತ್ತು ವರ್ಷ ಆಗಿಹೋಗಿತ್ತು. ಆ ಇಪ್ಪತ್ತು ವರ್ಷದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ನನಗೆ ಅದೇ ಮುಖ್ಯ. ಎಪ್ಪತ್ತರ ದಶಕದಲ್ಲಿ ನಾವೆಲ್ಲ ತಲೆದೂಗಿದ ಹಾಡುಗಳಿಗೆ ಕೈ ಪಳಗಿದ್ದು ಅಲ್ಲಿಯೇ.

ನಾನು ಸಂಗೀತ ಕಲಿತವನಲ್ಲ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯಲ್ಲಿ ನಮ್ಮಪ್ಪ ಮೈಕ್‌ಸೆಟ್ ಇಟ್ಟಿದ್ದರು. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನೂ ಅದಕ್ಕೇ ನಿಂತೆ. ಮದುವೆ, ಜಾತ್ರೆ, ಗಣೇಶನ ಹಬ್ಬ, ಎಲೆಕ್ಷನ್ನು, ಹರಿಕಥೆ, ಎಲ್ಲಕ್ಕೂ ನಾವೇ ಹೋಗಬೇಕು. ಕರೆಂಟು ಇಲ್ಲದ ಹಳ್ಳಿಗಳಿಗೆ ಆಂಪ್ಲಿಫೈಯರ್ ಜತೆ ಬ್ಯಾಟರಿಯನ್ನೂ ಗಾಡಿಗೆ ಹೇರಿಕೊಂಡು ಹೊರಡುತ್ತಿದ್ದೆವು. ಹುಣಸೆ ಮರದ ಮೇಲೆ ಹಾರ್ನು ಕಟ್ಟುವುದು ನನ್ನ ಕೆಲಸ. ಮಿಡಿಗೇಶಿಯಲ್ಲೇ ಕಾರ್ಯಕ್ರಮವಿದ್ದರೆ ಹಾರ್ನಿನ ಮುಖ ಕೋಟೆ ಬೆಟ್ಟದ ಕಡೆ ಇರಕೂಡದು, ಹೊಲದ ಕಡೆ ಇರಬೇಕು ಅಂತ ಅಪ್ಪನ ಕಟ್ಟಪ್ಪಣೆ. ಬೆಟ್ಟದ ಕಡೆ ತಿರುಗಿಸಿದರೆ ದನಿ ಬಂಡೆಗೆ ಬಡಿದು ವಾಪಸು ಬಂದು ಹಾಡಿನ ಮಾತೆಲ್ಲ ಕಲಸಿಹೋಗುತ್ತಿತ್ತು.

ಹಾರ್ನಿನ ಒಂದು ಗುಣ ಹೇಳಬೇಕು. ಅದರಲ್ಲಿ ತಗ್ಗಿನ ಸ್ವರ ಬರುವುದಿಲ್ಲ. ಡೋಲಿನ ಗುಂಯ್ ಎನ್ನುವ ಸದ್ದು, ಬೇಸ್ ಗಿಟಾರಿನ ತಂತಿ, ಇವೆಲ್ಲ ಹಾರ್ನಿನ ಕೊರಳಲ್ಲೇ ಸತ್ತುಹೋಗುತ್ತವೆ. ಈಚೆ ಬರುವುದು ಹಾಡುವವರ ದನಿ, ಪಿಟೀಲು, ಕೊಳಲು, ತಾಳದ ಚಟ್‌ಚಟ್ ಸದ್ದು ಮಾತ್ರ. ಹೊಲ ದಾಟಿ ಒಂದು ಮೈಲಿ ಆಚೆ ಕೇಳುವವನಿಗೆ ಹಾಡು ಹಾಡಾಗಿ ಕೇಳಬೇಕಾದರೆ ಅದರ ರಾಗದ ಎಳೆ ಗಟ್ಟಿ ಇರಬೇಕು. ವಾದ್ಯಗಳ ಗದ್ದಲದ ಮೇಲೆ ನಿಂತ ಹಾಡುಗಳು ಹಾರ್ನಿನಲ್ಲಿ ಸೋತುಹೋಗುತ್ತಿದ್ದವು. ರಾಜನ್–ನಾಗೇಂದ್ರರ ಹಾಡು ಸೋಲುತ್ತಿರಲಿಲ್ಲ. ಹಾಡುವವರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಿಟೀಲೋ ಕೊಳಲೋ ಬಂದು ಉತ್ತರ ಹೇಳಿ ಹೋಗುತ್ತದೆ, ಮತ್ತೆ ಸಾಲು ಶುರುವಾಗುವಾಗ ದಾರಿ ಬಿಟ್ಟುಕೊಡುತ್ತದೆ. ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಆ ಜೋಡಿಯ ಹಾಡು ಯಾವುದು ಎಂದು ಹೆಸರು ನೋಡದೆ ಹೇಳುವುದನ್ನು ನಾನು ಕಲಿತದ್ದು ಹೀಗೆ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗ ರಜಕ್ಕೆ ಬಂದಾಗ ಫೋನಿನಲ್ಲಿ ಒಂದಷ್ಟು ಇಂಗ್ಲಿಷ್ ಹಾಡು ಕೇಳಿಸಿದ. “ಮಾವ, ಇವರೂ ಅಣ್ಣತಮ್ಮಂದಿರೇ. ನಿಮ್ಮ ರಾಜನ್–ನಾಗೇಂದ್ರರ ಕಾಲದವರೇ” ಎಂದ. ಬೀಚ್ ಬಾಯ್ಸ್ ಎಂಬ ಬ್ಯಾಂಡು. ಲಾಸ್ ಏಂಜಲೀಸ್ ಪಕ್ಕದ ಹಾಥಾರ್ನ್ ಎಂಬ ಊರಿನ ಬ್ರಯಾನ್, ಡೆನಿಸ್, ಕಾರ್ಲ್ ಎಂಬ ಮೂವರು ವಿಲ್ಸನ್ ಸಹೋದರರು, ಅವರ ಸೋದರತ್ತೆಯ ಮಗ ಮೈಕ್ ಲವ್, ಗೆಳೆಯ ಆಲ್ ಜಾರ್ಡೀನ್ ಸೇರಿ 1961ರಲ್ಲಿ ಕಟ್ಟಿದ್ದು. ಅದೇ ವರ್ಷದ ಕೊನೆಗೆ ಕಡಲ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಆಟದ ಮೇಲೆ ಒಂದು ರೆಕಾರ್ಡು ತಂದರು, ಮಾರನೇ ವರ್ಷ ಕ್ಯಾಪಿಟಲ್ ಎಂಬ ದೊಡ್ಡ ಕಂಪನಿ ಕರೆದುಕೊಂಡಿತು. 1963ರಲ್ಲಿ ‘ಸರ್ಫಿನ್ ಯುಎಸ್‌ಎ’ ದೇಶವೆಲ್ಲ ಮೊಳಗಿತು. ಅದರ ಮಟ್ಟು ಚಕ್ ಬೆರ್ರಿ ಎಂಬ ಕಪ್ಪು ಗಾಯಕನ ಹಾಡಿನದು. 1964ರಲ್ಲಿ ‘ಐ ಗೆಟ್ ಅರೌಂಡ್’ ಅಮೆರಿಕದ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಏರಿತು. ವಿಲ್ಸನ್ ಸಹೋದರರ ಪೈಕಿ ನಿಜಕ್ಕೂ ಅಲೆಯ ಮೇಲೆ ಜಾರಲು ಬರುತ್ತಿದ್ದವನು ಡೆನಿಸ್ ಒಬ್ಬನೇ.

ರಾಕ್ ಬ್ಯಾಂಡು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನರ ತಂಡ. ಗಿಟಾರು, ಬೇಸ್ ಗಿಟಾರು, ಡ್ರಮ್ಸು. ಹಾಡು ಬರೆಯುವವರು, ಮಟ್ಟು ಹಾಕುವವರು, ನುಡಿಸುವವರು, ಹಾಡುವವರು ಎಲ್ಲ ಅವರೇ. ನಮ್ಮಲ್ಲಿ ಆ ಪದ್ಧತಿ ಬೇರೂರಲಿಲ್ಲ. ಅರವತ್ತು–ಎಪ್ಪತ್ತರ ದಶಕದಲ್ಲಿ ಬೆಂಗಳೂರು ದಂಡಿನ ಕಡೆ ಇಂಗ್ಲಿಷ್ ಹಾಡು ನುಡಿಸುವ ತಂಡಗಳಿದ್ದವು, ಆದರೆ ಅವುಗಳ ಸದ್ದು ನಮ್ಮ ಕಡೆ ತಲುಪಲಿಲ್ಲ. ಹೊಸ ಕನ್ನಡ ಹಾಡು ಹುಟ್ಟಬೇಕಾದರೆ ಸಿನಿಮಾದಲ್ಲೇ ಹುಟ್ಟಬೇಕು. ಪರದೆಯ ಮೇಲೆ ರಾಜಕುಮಾರ್ ಕಾಣುತ್ತಾರೆ, ಪಿ.ಬಿ. ಶ್ರೀನಿವಾಸ್ ದನಿ ಕೇಳುತ್ತದೆ, ವಾದ್ಯ ನುಡಿಸಿದವರು ಮದರಾಸಿನ ರೆಕಾರ್ಡಿಂಗ್ ಥಿಯೇಟರಿನ ಬಾಗಿಲೊಳಗೇ ಉಳಿಯುತ್ತಾರೆ. ಬ್ಯಾಂಡು ನಮ್ಮಲ್ಲೂ ಇತ್ತು, ಅದರ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಬ್ರಯಾನ್ ವಿಲ್ಸನ್ ಬಗ್ಗೆ ತಂಗಿಯ ಮಗ ಹೇಳಿದ ಒಂದು ವಿಷಯ ನನ್ನ ಮನಸ್ಸಿಗೆ ನಾಟಿತು. ಆತನಿಗೆ ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲವಂತೆ. ಎರಡು ಸ್ಪೀಕರಿನ ಸ್ಟೀರಿಯೋ ಬಂದಿದ್ದರೂ ಆತ ಹಾಡನ್ನು ಒಂದೇ ಸ್ಪೀಕರಿಗೆ ಹೊಂದುವಂತೆ ಮೋನೋದಲ್ಲೇ ಕೂಡಿಸುತ್ತಿದ್ದ. ಕೇಳುವವರು ಕಾರಿನ ರೇಡಿಯೋದಲ್ಲಿ, ಸಣ್ಣ ಟ್ರಾನ್ಸಿಸ್ಟರಿನಲ್ಲಿ ಕೇಳುತ್ತಾರೆ, ಅಲ್ಲಿ ಹಾಡು ನಿಲ್ಲಬೇಕು. ಅಲ್ಲಿಯ ಕಾರಿನ ರೇಡಿಯೋಗೆ ಇಲ್ಲಿಯ ಹುಣಸೆ ಮರದ ಹಾರ್ನು ಸಮ. ವ್ಯತ್ಯಾಸವೂ ಇದೆ. ಅವರ ಹಾಡಿನಲ್ಲಿ ಐದು ಜನ ಐದು ಸ್ವರ ಹಿಡಿದು ಒಟ್ಟಿಗೆ ಹಾಡುತ್ತಾರೆ. ಅದರ ಸೊಗಸು ಆ ಕೂಡಿಕೆಯಲ್ಲಿದೆ. ನಮ್ಮದು ಒಂದೇ ಎಳೆ, ಅದನ್ನೇ ಬಾಗಿಸಿ ಬಳುಕಿಸಿ ಹೊರಳಿಸುವುದು. ಎರಡಕ್ಕೂ ಅದರದರ ಕಷ್ಟವಿದೆ.

ಈಗ ಮೈಸೂರಿಗೆ ಬರೋಣ. ರಾಜನ್ ಹುಟ್ಟಿದ್ದು 1933ರಲ್ಲಿ, ನಾಗೇಂದ್ರ 1935ರಲ್ಲಿ, ಶಿವರಾಂಪೇಟೆಯಲ್ಲಿ. ತಂದೆ ರಾಜಪ್ಪನವರು ಹಾರ್ಮೋನಿಯಂ, ಕೊಳಲು ಬಲ್ಲವರು, ಮೂಕಿ ಚಿತ್ರಗಳಿಗೆ ನುಡಿಸುತ್ತಿದ್ದವರು. ಮೂಕಿ ಚಿತ್ರದ ಕಾಲದಲ್ಲಿ ಪರದೆಯ ಪಕ್ಕ ವಾದ್ಯದವರು ಕೂತು ಪರದೆ ನೋಡಿಕೊಂಡೇ ನುಡಿಸಬೇಕಿತ್ತು. ಕುದುರೆ ಓಡಿದರೆ ಒಂದು ನಡೆ, ತಾಯಿ ಅತ್ತರೆ ಇನ್ನೊಂದು. ಹಾಳೆಯಲ್ಲಿ ಬರೆದಿಟ್ಟ ಸಂಗೀತವಲ್ಲ, ಕಣ್ಣು ಕಂಡದ್ದನ್ನು ಬೆರಳು ಹೇಳುವ ವಿದ್ಯೆ. ಅಂಥವರ ಮನೆಯಲ್ಲಿ ಬೆಳೆದ ಮಕ್ಕಳು ಸಿನಿಮಾ ಸಂಗೀತಗಾರರಾದದ್ದು ಆಕಸ್ಮಿಕವಲ್ಲ ಎಂದೇ ನನ್ನ ನಂಬಿಕೆ. ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ನಡೆಯುತ್ತಿದ್ದ ಕಚೇರಿಗಳನ್ನು ಕೇಳುವುದು ಅವರಿಗೆ ಇನ್ನೊಂದು ಪಾಠಶಾಲೆ. ರಾಜನ್ ಪಿಟೀಲು ಹಿಡಿದರು. ನಾಗೇಂದ್ರ ಹಿಡಿದದ್ದು ಜಲತರಂಗ. ಪಿಂಗಾಣಿ ಬಟ್ಟಲುಗಳಿಗೆ ಒಂದೊಂದಕ್ಕೆ ಒಂದೊಂದು ಮಟ್ಟದಲ್ಲಿ ನೀರು ತುಂಬಿ ಸಣ್ಣ ಕಡ್ಡಿಯಿಂದ ನುಡಿಸುವ ವಾದ್ಯ ಅದು. ಒಂದು ಬಟ್ಟಲಲ್ಲಿ ನೀರು ಚೂರು ಹೆಚ್ಚಾದರೂ ಶ್ರುತಿ ಕೆಡುತ್ತದೆ. ಇಷ್ಟು ನಾಜೂಕಿನ ವಾದ್ಯ ನುಡಿಸಿದವರ ಕಿವಿ ಎಂಥದಿರಬೇಕು, ನೀವೇ ಲೆಕ್ಕ ಹಾಕಿ.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಇಬ್ಬರೂ ಸ್ವಲ್ಪ ಕಾಲ ಜಯಮಾರುತಿ ಆರ್ಕೆಸ್ಟ್ರಾದಲ್ಲಿದ್ದರು. ಎಚ್.ಆರ್. ಪದ್ಮನಾಭಶಾಸ್ತ್ರಿಗಳು ನಾಗೇಂದ್ರರನ್ನು ಮದರಾಸಿಗೆ ಕರೆದುಕೊಂಡು ಹೋದರು. 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಪಿ. ಕಾಳಿಂಗರಾಯರ ಜತೆ ಹಾಡುವ ಭಾಗ್ಯ ಆ ಹುಡುಗನಿಗೆ ಸಿಕ್ಕಿತು. ಆಮೇಲೆ ಇಬ್ಬರನ್ನೂ ಸಂಗೀತ ನಿರ್ದೇಶಕರಾಗಿ ನಿಲ್ಲಿಸಿದವರು ಬಿ. ವಿಠಲಾಚಾರ್ಯರು, ‘ಸೌಭಾಗ್ಯಲಕ್ಷ್ಮಿ’ ಚಿತ್ರದಲ್ಲಿ. ಆಗ ತಮ್ಮನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ವಿಠಲಾಚಾರ್ಯರನ್ನು ನಮ್ಮ ಕಡೆಯವರಿಗೆ ಪರಿಚಯ ಮಾಡಿಸಬೇಕಿಲ್ಲ. ಉಡುಪಿ ಕಡೆಯವರು, ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸು ಇಟ್ಟು, ಮೈಸೂರಿನಲ್ಲಿ ಡಿ. ಶಂಕರ್‌ಸಿಂಗ್ ಜತೆ ಮಹಾತ್ಮ ಪಿಕ್ಚರ್ಸ್ ಕಟ್ಟಿದವರು. ಮುಂದೆ ತೆಲುಗಿಗೆ ಹೋಗಿ ದೆವ್ವ, ಮಾಂತ್ರಿಕ, ಹಾರುವ ಕುದುರೆಗಳ ಚಿತ್ರ ತೆಗೆದು ಹೆಸರಾದರು. ಕಡಿಮೆ ದುಡ್ಡಿನಲ್ಲಿ ಬೇಗ ಚಿತ್ರ ಮುಗಿಸುವುದರಲ್ಲಿ ನಿಸ್ಸೀಮರು. ಅಂಥವರ ಕೈಕೆಳಗೆ ದುಡಿದರೆ ಸಮಯಕ್ಕೆ ಸರಿಯಾಗಿ, ಇದ್ದಷ್ಟು ವಾದ್ಯದಲ್ಲಿ ಹಾಡು ಮುಗಿಸುವ ಅಭ್ಯಾಸ ಬಂದೇ ಬರುತ್ತದೆ. ‘ಚಂಚಲಕುಮಾರಿ’, ‘ರಾಜಲಕ್ಷ್ಮಿ’, ‘ಮುತ್ತೈದೆ ಭಾಗ್ಯ’, ‘ಮನೆ ತುಂಬಿದ ಹೆಣ್ಣು’, ಐವತ್ತರ ದಶಕ ಹೀಗೇ ಸಾಗಿತು.

ಆಗಿನ ರೆಕಾರ್ಡಿಂಗ್ ರೀತಿಯೂ ಗೊತ್ತಿರಲಿ. ಇಂದಿನಂತೆ ಒಬ್ಬೊಬ್ಬರನ್ನು ಬೇರೆ ಬೇರೆ ದಿನ ಕರೆಸಿ ತುಂಡು ತುಂಡು ಅಂಟಿಸುವುದಿಲ್ಲ. ಗಾಯಕರು, ಪಿಟೀಲಿನವರು, ತಬಲದವರು ಎಲ್ಲರೂ ಒಂದೇ ಹೊತ್ತಿಗೆ ಒಟ್ಟಿಗೆ. ಕೊನೆಯ ಸಾಲಿನಲ್ಲಿ ಕೊಳಲಿನವರ ಉಸಿರು ಜಾರಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಹಾಗಾಗಿ ಥಿಯೇಟರಿಗೆ ಕಾಲಿಡುವ ಮುನ್ನ ಹಾಡಿನ ಒಂದೊಂದು ಸ್ವರವೂ ತೀರ್ಮಾನವಾಗಿರಬೇಕು. ಹಾರ್ನಿನಲ್ಲಿ ನನಗೆ ಕೇಳಿಸುತ್ತಿದ್ದ ಆ ಅಚ್ಚುಕಟ್ಟು ಬಂದದ್ದು ಈ ಶಿಸ್ತಿನಿಂದ.

ಅರವತ್ತರ ದಶಕಕ್ಕೆ ಬಂದರೆ ನಮ್ಮಪ್ಪನ ಪೆಟ್ಟಿಗೆ ತುಂಬತೊಡಗಿತು. ಅರಗಿನ ಪ್ಲೇಟುಗಳು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ಮಿನಿಟಿನಷ್ಟು ಹಾಡು. ಜಾರಿ ಬಿದ್ದರೆ ಹೋಳು. ಅಪ್ಪ ಪಂಚೆಯ ಅಂಚಿನಿಂದ ಪ್ಲೇಟನ್ನು ಒಳಗಿನಿಂದ ಹೊರಗೆ ಒರೆಸಿ, ಹಳೇ ಮುಳ್ಳು ತೆಗೆದು ಹೊಸ ಉಕ್ಕಿನ ಮುಳ್ಳು ಸಿಕ್ಕಿಸಿ, ಮೊದಲ ಗೆರೆಯ ಮೇಲೆ ಮೆತ್ತಗೆ ಇಡುತ್ತಿದ್ದರು. ಸವೆದ ಮುಳ್ಳು ಹಾಕಿದರೆ ಪ್ಲೇಟಿನ ಗೆರೆ ಕಿತ್ತುಬರುತ್ತದೆ. ಆಮೇಲೆ 45 ಸುತ್ತಿನ ಪ್ಲಾಸ್ಟಿಕ್ ಪ್ಲೇಟುಗಳು ಬಂದವು, ಆ ಭಯ ಹೋಯಿತು.

1962ರ ‘ರತ್ನಮಂಜರಿ’ ಆ ಪೆಟ್ಟಿಗೆಯ ರಾಣಿ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಉದಯಕುಮಾರ್, ಲೀಲಾವತಿ. ಯಾರು, ಯಾವ ಊರು ಎಂದು ಕೇಳುವ ಅದರ ಯುಗಳ ಗೀತೆಯನ್ನು ಮಕ್ಕಳೂ ಹಾಡಿಕೊಂಡು ಓಡಾಡುತ್ತಿದ್ದರು. ಹುಣಸೂರರ ‘ವೀರಸಂಕಲ್ಪ’ 1964ರಲ್ಲಿ ಬಂತು. ದ್ವಾರಕೀಶ್ ಮೊದಲು ಪರದೆಗೆ ಬಂದದ್ದು ಅದರಲ್ಲಿ. ಅದೇ ವರ್ಷ ತೆಲುಗಿನಲ್ಲಿ ವಿಠಲಾಚಾರ್ಯರ ‘ಅಗ್ಗಿ ಪಿಡುಗು’, ಎನ್.ಟಿ. ರಾಮರಾವ್ ಜೋಡಿ ಪಾತ್ರ, ಸಂಗೀತ ನಮ್ಮ ಅಣ್ಣತಮ್ಮಂದಿರದೇ. ಮಡಕಶಿರಾ, ಪಾವಗಡ ಕಡೆ ಮದುವೆಗೆ ಮೈಕ್‌ಸೆಟ್ ಹೋದರೆ ತೆಲುಗು ಪ್ಲೇಟು ಇಲ್ಲದೆ ನಡೆಯದು. ಗಂಡಿನ ಕಡೆಯವರು ಕನ್ನಡ ಕೇಳಿದರೆ ಹೆಣ್ಣಿನ ಕಡೆಯವರು ತೆಲುಗು ಕೇಳುತ್ತಿದ್ದರು. ಎರಡೂ ಕಡೆಗೆ ಒಪ್ಪುವ ಹೆಸರು ರಾಜನ್–ನಾಗೇಂದ್ರರದು ಎಂಬುದು ಎಷ್ಟು ಜನಕ್ಕೆ ಗೊತ್ತಿತ್ತೋ!

1966ರಲ್ಲಿ ‘ಮಂತ್ರಾಲಯ ಮಹಾತ್ಮೆ’. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ರಾಯರ ಪಾತ್ರದಲ್ಲಿ ರಾಜಕುಮಾರ್. ಮದುವೆ ಮನೆಯಲ್ಲಿ ಬೆಳಿಗ್ಗೆ ಮೊದಲು ದೇವರ ಹಾಡು ಹಾಕುವುದು ಪದ್ಧತಿ. ಈ ಚಿತ್ರ ಬಂದ ಮೇಲೆ ಆ ಹೊತ್ತಿಗೆ ಇದರ ಪ್ಲೇಟು ಕಾಯಂ ಆಯಿತು. ದಾಸರ ಪದದ ಜಾಡಿನಲ್ಲೇ ನಡೆದು, ಸಿನಿಮಾ ಹಾಡಿನಂತೆ ಬೇಗ ಬಾಯಿಗೆ ಹತ್ತುವ ಮಟ್ಟು. ಬಿಡಾರಂ ಕೃಷ್ಣಪ್ಪನವರ ಮಂದಿರದಲ್ಲಿ ಕಿವಿ ತುಂಬಿಕೊಂಡದ್ದು ಇಲ್ಲಿ ಕೈಗೆ ಬಂದಿತ್ತು. ಅದೇ 1966ರಲ್ಲಿ ಅಮೆರಿಕದಲ್ಲಿ ಬ್ರಯಾನ್ ವಿಲ್ಸನ್ ‘ಪೆಟ್ ಸೌಂಡ್ಸ್’ ಎಂಬ ರೆಕಾರ್ಡು ತಂದ. ಊರೂರು ತಿರುಗಿ ಹಾಡುವುದನ್ನು ಆತ ಬಿಟ್ಟಾಗಿತ್ತು. ತಂಡದ ಉಳಿದವರು ವೇದಿಕೆಯ ಮೇಲೆ, ಆತ ಸ್ಟುಡಿಯೋದೊಳಗೆ ಕೂಲಿಗೆ ಬಂದ ನುರಿತ ವಾದ್ಯಗಾರರ ಜತೆ. ಅಂದರೆ ಅಮೆರಿಕದ ದೊಡ್ಡ ಬ್ಯಾಂಡೇ ನಮ್ಮ ಮದರಾಸಿನ ಪದ್ಧತಿಯ ಹತ್ತಿರಕ್ಕೆ ಬಂದಿತ್ತು.

1967ರ ‘ಬಂಗಾರದ ಹೂವು’ ಕುಷ್ಠರೋಗದ ಕಥೆ. ಆ ರೋಗದ ಹೆಸರೆತ್ತಲೂ ಜನ ಹೆದರುತ್ತಿದ್ದ ಕಾಲ. ಅದರಲ್ಲಿ ಹೋಗುವವರನ್ನು ಹರಸಿ ಕಳಿಸುವ ಒಂದು ಹಾಡಿದೆ. ಹೆಣ್ಣನ್ನು ಗಂಡಿನ ಮನೆಗೆ ಕಳಿಸಿಕೊಡುವ ಹೊತ್ತಿಗೆ ಅದನ್ನೇ ಹಾಕು ಎಂದು ಹೆಂಗಸರು ಹೇಳಿ ಕಳಿಸುತ್ತಿದ್ದರು. ಧಾರೆಯ ಹೊತ್ತಿಗೆ ಪ್ಲೇಟು ನಿಲ್ಲಿಸಿ ಓಲಗದವರಿಗೆ ಬಿಟ್ಟುಕೊಡಬೇಕು, ಕಳಿಸಿಕೊಡುವ ಹೊತ್ತಿಗೆ ಮತ್ತೆ ನಮ್ಮ ಸರದಿ. ಆ ಹಾಡು ಮುಗಿಯುವಷ್ಟರಲ್ಲಿ ಗಂಡಸರೂ ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ.

ನಮ್ಮ ಜಿಲ್ಲೆಯವರು ಎದೆ ತಟ್ಟಿ ಹೇಳಿಕೊಳ್ಳಬೇಕಾದ ಮಾತು ಇಲ್ಲಿಂದ ಶುರು. 1969ರಲ್ಲಿ ದ್ವಾರಕೀಶ್ ನಿರ್ಮಾಪಕರಾಗಿ ‘ಮೇಯರ್ ಮುತ್ತಣ್ಣ’ ತೆಗೆದರು. ಅದರ ನಿರ್ದೇಶಕರು ಸಿದ್ಧಲಿಂಗಯ್ಯ, ಶಿರಾ ತಾಲ್ಲೂಕಿನ ತರೂರಿನವರು. ಅವರಿಗೆ ಅದು ಮೊದಲ ಚಿತ್ರ. ಕಳ್ಳತನದ ಸುಳ್ಳು ಆರೋಪ ಹೊತ್ತು ಊರು ಬಿಟ್ಟ ಹಳ್ಳಿಯವನು ಪೇಟೆಗೆ ಹೋಗಿ ಮೇಯರ್ ಆಗುವ ಕಥೆ. ಹಳ್ಳಿಯ ಮಾತು ಬರುವ ಅದರ ಹಾಡನ್ನು ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಹಾಕಿದರೆ ನಮ್ಮ ಹೋಬಳಿಯ ಜನ ಇದು ನಮ್ಮದೇ ಹಾಡು ಎನ್ನುತ್ತಿದ್ದರು. ಮಳೆ ನೆಚ್ಚಿ ಕಡ್ಲೆಕಾಯಿ, ರಾಗಿ ಬೆಳೆಯುವ ಈ ಸೀಮೆಯವನೇ ಆ ಚಿತ್ರ ಮಾಡಿದ್ದು ಎನ್ನುವುದು ಬಹಳ ಜನಕ್ಕೆ ತಿಳಿದದ್ದು ತಡವಾಗಿ. 1971ರಲ್ಲಿ ‘ನ್ಯಾಯವೇ ದೇವರು’, ಮತ್ತೆ ಸಿದ್ಧಲಿಂಗಯ್ಯ, ಮತ್ತೆ ರಾಜನ್–ನಾಗೇಂದ್ರ.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ‘ರತ್ನಮಂಜರಿ’ಯಲ್ಲಿ ನಟಿಸಿದ್ದ ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ 1973ರಲ್ಲಿ ‘ಗಂಧದ ಗುಡಿ’ಯ ನಿರ್ಮಾಪಕರು. ಹಳೆಯ ಸ್ನೇಹ ಹೀಗೆ ಫಲ ಕೊಟ್ಟಿತು. 1974ರಲ್ಲಿ ದೊರೈ–ಭಗವಾನರ ‘ಎರಡು ಕನಸು’, ವಾಣಿಯವರ ಕಾದಂಬರಿ. ಅದರಲ್ಲಿ ಪಿ.ಬಿ. ಶ್ರೀನಿವಾಸ್, ವಾಣಿ ಜಯರಾಂ ಹಾಡಿದ ‘ಎಂದೆಂದೂ ನಿನ್ನನು’ ಹಾಡಿನ ಮಟ್ಟು ಮಾರನೇ ವರ್ಷ ತೆಲುಗಿನ ‘ಪೂಜ’ ಚಿತ್ರಕ್ಕೆ ಹೋಯಿತು. ಅಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಜತೆಗೆ ಅದೇ ವಾಣಿ ಜಯರಾಂ. ಗಡಿಯ ಮದುವೆಯೊಂದರಲ್ಲಿ ನಾನು ಕನ್ನಡದ್ದನ್ನು ಹಾಕಿದ್ದಕ್ಕೆ ಆಚೆ ಊರಿನ ಹಿರಿಯರೊಬ್ಬರು ಬಂದು, “ಏಮಪ್ಪಾ, ಮಾ ಪಾಟನು ಮೀರು ತೀಸುಕೊಂಡಾರಾ?” ಎಂದು ಕೇಳಿದ್ದರು. ಇಲ್ಲ ಸ್ವಾಮಿ, ಇದು ಮೈಸೂರಿನವರ ಮಟ್ಟು, ಮೊದಲು ಕನ್ನಡದಲ್ಲೇ ಬಂತು ಎಂದು ಎರಡೂ ಪ್ಲೇಟಿನ ಲೇಬಲ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಓದಿ, ಮತ್ತೊಂದು ಸಲ ಹಾಕಿಸಿಕೊಂಡು ಕೇಳಿದರು.

1976ರ ‘ಬಯಲುದಾರಿ’, 1978ರ ‘ಹೊಂಬಿಸಿಲು’, ಆಮೇಲೆ ‘ಆಟೋರಾಜ’, ‘ಗಾಳಿಮಾತು’. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 1978ರ ‘ಪರಸಂಗದ ಗೆಂಡೆತಿಮ್ಮ’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ, ಗೆಂಡೆತಿಮ್ಮನಾಗಿ ಲೋಕೇಶ್. ಹಾಡು ಬರೆದವರು ದೊಡ್ಡರಂಗೇಗೌಡರು, ನಮ್ಮ ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ 1946ರಲ್ಲಿ ಹುಟ್ಟಿದವರು. ಮುಂದೆ 2018ರಲ್ಲಿ ಪದ್ಮಶ್ರೀ ಬಂತು, 2023ರ ಜನವರಿಯಲ್ಲಿ ಹಾವೇರಿಯ 86ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಆ ಹಾಡುಗಳ ಭಾಷೆ ಹೊಲದಲ್ಲಿ ಆಡುವ ಭಾಷೆ. ಅಲ್ಲಿಯವರೆಗೆ ಸಿನಿಮಾ ಹಾಡಿನಲ್ಲಿ ಹಳ್ಳಿ ಮಾತು ಬಂದರೆ ಅದು ಹಾಸ್ಯಪಾತ್ರಕ್ಕೆ ಮೀಸಲು. ನಾಯಕ ನಾಯಕಿ ಪ್ರೀತಿಸಬೇಕಾದರೆ ಗ್ರಂಥದ ಭಾಷೆ. ದೊಡ್ಡರಂಗೇಗೌಡರು ನಮ್ಮವ್ವಂದಿರ ಬಾಯಿಯ ಮಾತಿನಲ್ಲೇ ನೇಸರನನ್ನೂ ಪ್ರೀತಿಯನ್ನೂ ಹಾಡಿಸಿದರು. ರಾಜನ್–ನಾಗೇಂದ್ರ ಆ ಮಾತಿಗೆ ಒಂದು ಚೂರೂ ಪೇಟೆಯ ಬಣ್ಣ ಬಳಿಯಲಿಲ್ಲ. ಮಾತಿನ ಎಳೆತ ಎಷ್ಟಿದೆಯೋ ರಾಗದ ಎಳೆತವೂ ಅಷ್ಟೇ. ಎಸ್. ಜಾನಕಿ ಹುಟ್ಟಿನಿಂದ ತೆಲುಗಿನವರು. ಅವರ ಬಾಯಲ್ಲಿ ಈ ಗ್ರಾಮ್ಯ ಕನ್ನಡ ಇಷ್ಟು ಸಹಜವಾಗಿ ಬಂದದ್ದು ಅವರ ಹಿರಿಮೆ, ಹೇಳಿಕೊಟ್ಟವರ ಹಿರಿಮೆಯೂ ಹೌದು. ಕಳೆ ಕೀಳುವ ಹೆಂಗಸರು ಸಿನಿಮಾ ಹಾಡನ್ನು ತಮ್ಮ ಸೋಬಾನೆಯ ಜತೆ ಸೇರಿಸಿ ಹಾಡಿದ್ದನ್ನು ನಾನು ಮೊದಲು ಕೇಳಿದ್ದು ಈ ಚಿತ್ರದ ನಂತರ. ಇಪ್ಪತ್ತೈದು ವರ್ಷ ದುಡಿದವರಿಗೆ ಮಾತ್ರ ಬರುವ ಧೈರ್ಯ ಅದು: ಎಲ್ಲ ಕಸುಬೂ ಗೊತ್ತಿದ್ದೂ ಬೇಡವಾದದ್ದನ್ನು ಬಿಡುವುದು. ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೆಲಸ ಇದೇ, ‘ಗಂಧದ ಗುಡಿ’ಗಿಂತಲೂ ಒಂದು ಕೈ ಮೇಲು.

ನಾಗೇಂದ್ರ 2000ದ ನವೆಂಬರ್ 4ರಂದು ತೀರಿಕೊಂಡರು. ರಾಜನ್ ಬೆಂಗಳೂರಿನ ತಮ್ಮ ಮನೆಯಲ್ಲಿ ‘ಸಪ್ತಸ್ವರಾಂಜಲಿ’ ಎಂಬ ಶಾಲೆ ಇಟ್ಟು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತ 2020ರ ಅಕ್ಟೋಬರ್ 11ರವರೆಗೆ ಇದ್ದರು. ಅವರ ಎಷ್ಟೋ ಹಾಡಿಗೆ ದನಿಯಾಗಿದ್ದ ಬಾಲಸುಬ್ರಹ್ಮಣ್ಯಂ ಹೋಗಿ ಆಗಿನ್ನೂ ಮೂರು ವಾರವೂ ಆಗಿರಲಿಲ್ಲ. ಬ್ರಯಾನ್ ವಿಲ್ಸನ್ 2025ರ ಜೂನ್‌ನಲ್ಲಿ ತೀರಿಕೊಂಡಾಗ ಅವರ ಮೊದಲ ರೆಕಾರ್ಡಿನಿಂದ ಹಿಡಿದು ಸ್ಟುಡಿಯೋದಲ್ಲಿ ಪಕ್ಕವಾದ್ಯ ನುಡಿಸಿದವರ ಹೆಸರಿನವರೆಗೆ ಬರೆದಿಟ್ಟ ಪುಸ್ತಕಗಳು ಆ ದೇಶದಲ್ಲಿದ್ದವು. ನಮ್ಮಲ್ಲಿ ಸುಮಾರು 375 ಚಿತ್ರಗಳಿಗೆ ಸಂಗೀತ ಕೊಟ್ಟವರ ಮೊದಲ ಇಪ್ಪತ್ತು ವರ್ಷದ ಹಾಡುಗಳಿಗೆ ಪಿಟೀಲು, ಕೊಳಲು, ತಬಲ ನುಡಿಸಿದವರು ಯಾರು ಎಂದು ಚಿತ್ರ ಚಿತ್ರಕ್ಕೂ ಹೇಳುವ ಒಂದು ಪುಸ್ತಕ ಬೇಕು. ವಿಶ್ವವಿದ್ಯಾಲಯದವರು, ಚಲನಚಿತ್ರ ಅಕಾಡೆಮಿಯವರು ಇದನ್ನು ಕೈಗೆತ್ತಿಕೊಳ್ಳಬೇಕು, ಆ ಕಾಲ ಕಂಡ ವಾದ್ಯಗಾರರು ಇನ್ನೂ ಕೆಲವರಾದರೂ ಇರುವಾಗಲೇ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪ್ಲೇಟು ಇದ್ದರೆ ಗುಜರಿಗೆ ಹಾಕಬೇಡಿ. 78ರ ಪ್ಲೇಟನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ಬಿರುಕು ಬಿಡುತ್ತದೆ. ಕವರು ಹಾಕಿ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇಡಿ. ಲೇಬಲ್ ಹರಿಯುವ ಮೊದಲು ಎರಡು ಮಗ್ಗುಲಿನ ಫೋಟೋ ತೆಗೆದುಕೊಳ್ಳಿ, ಅದರ ಮೇಲಿರುವ ಚಿತ್ರ, ಗಾಯಕರು, ಕವಿ, ಸಂಗೀತ ನಿರ್ದೇಶಕರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆರ್ಕೆಸ್ಟ್ರಾದ ಹುಡುಗರಿಗೂ ಇದೇ ಮಾತು: ಹಾಡು ಶುರು ಮಾಡುವ ಮುನ್ನ ನಟನ ಹೆಸರಿನ ಜತೆ ಮಟ್ಟು ಹಾಕಿದವರ ಹೆಸರನ್ನೂ ಬರೆದವರ ಹೆಸರನ್ನೂ ಮೈಕಿನಲ್ಲಿ ಹೇಳಿ.